ವಾಲ್ಯೂಮ್ ಐಕಾನ್ ಕಾಣದಿದ್ದರೆ ಸಿಸ್ಟಂ ಅಳಿಸಬೇಕಾಗಿಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ತಂತ್ರಜ್ಞಾನ ಪುಟದ ಪ್ರಶ್ನೋತ್ತರ ಅಂಕಣದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಲಿನಕ್ಸ್ ಅಪ್‌ಡೇಟ್ ಆದ ಮೇಲೆ ಪ್ಯಾನೆಲ್‌ನಲ್ಲಿದ್ದ, ಅಂದರೆ ಪರದೆಯ ಅಂಚಿನ ಪಟ್ಟಿಯಲ್ಲಿದ್ದ, ವಾಲ್ಯೂಮ್ ಐಕಾನ್ ಕಾಣಿಸುತ್ತಿಲ್ಲ, ಹಾಡು ಮಾತ್ರ ಸರಿಯಾಗಿ ಕೇಳುತ್ತಿದೆ, ಏನು ಮಾಡಲಿ ಅಂತ. ಅದಕ್ಕೆ ಸಿಕ್ಕ ಉತ್ತರ ಎರಡೇ ಸಾಲು: ಫೈಲ್‌ಗಳನ್ನು ಬ್ಯಾಕಪ್ ತೆಗೆದುಕೊಳ್ಳಿ, ಸಿಸ್ಟಂ ಮತ್ತೆ ಇನ್‌ಸ್ಟಾಲ್ ಮಾಡಿ. ಈ ಉತ್ತರ ತಪ್ಪು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಿ ಎಂದ ಹಾಗಾಯಿತು. ಎಷ್ಟೋ ಸಲ ಇದರಿಂದ ತೊಂದರೆ ಹೋಗುವುದೂ ಇಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಜಾಗ ಇದ್ದರೆ ಪೂರ್ತಿ ಹಾಕಿ.

ಆ ಓದುಗರು ಮುಖ್ಯವಾದ ಮಾತನ್ನು ತಾವೇ ಹೇಳಿದ್ದಾರೆ. ಹಾಡು ಕೇಳುತ್ತಿದೆ. ಅಂದರೆ ಸೌಂಡ್ ಕಾರ್ಡ್ ಚೆನ್ನಾಗಿದೆ, ಅದರ ಡ್ರೈವರ್ ಚೆನ್ನಾಗಿದೆ, ಎಲ್ಲ ಪ್ರೋಗ್ರಾಂಗಳ ಸದ್ದನ್ನು ಸೇರಿಸಿ ಸ್ಪೀಕರ್‌ಗೆ ಕಳಿಸುವ ಸೌಂಡ್ ಸರ್ವರ್ ಕೂಡ ಓಡುತ್ತಿದೆ. ಕೆಟ್ಟಿರುವುದು ಇವೆಲ್ಲದರ ಮೇಲೆ ಕೂತಿರುವ ಒಂದು ಸಣ್ಣ ಪ್ರೋಗ್ರಾಂ. ಓಪನ್ ಸೋರ್ಸ್ ಡೆಸ್ಕ್‌ಟಾಪ್‌ನಲ್ಲಿ, ಅಂದರೆ ಪರದೆಯ ಮೇಲೆ ಕಾಣುವ ಕಿಟಕಿ, ಮೆನು, ಪ್ಯಾನೆಲ್‌ಗಳ ವ್ಯವಸ್ಥೆಯಲ್ಲಿ (ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ, ಮಾಟೆ, ಸಿನಮನ್ ಇಂಥವು), ಧ್ವನಿ ಹೊರಡಿಸುವ ಕೆಲಸ ಒಬ್ಬರದು, ಅದರ ಮಟ್ಟ ತೋರಿಸುವ ಕೆಲಸ ಇನ್ನೊಬ್ಬರದು. ತಳದಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆ ಬರುವ ಆಲ್ಸಾ ಇದೆ, ಅದು ಹಾರ್ಡ್‌ವೇರ್ ಜೊತೆ ಮಾತಾಡುತ್ತದೆ. ಅದರ ಮೇಲೆ ಪಲ್ಸ್‌ಆಡಿಯೋ ಅಥವಾ ಪೈಪ್‌ವೈರ್ ಎಂಬ ಸೌಂಡ್ ಸರ್ವರ್. ಅದಕ್ಕೂ ಮೇಲೆ ಪ್ಯಾನೆಲ್, ಪ್ಯಾನೆಲ್‌ನಲ್ಲಿ ಈ ಐಕಾನ್. ಐಕಾನ್ ಹೋದರೆ ಮೊದಲು ಮೇಲಿನ ಪದರ ನೋಡಬೇಕು. ಸದ್ದೇ ಹೋದರೆ ಕೆಳಗಿನಿಂದ ನೋಡಿಕೊಂಡು ಬರಬೇಕು. ಇಷ್ಟು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಅಪ್‌ಡೇಟ್ ಆದಾಗಲೇ ಇದು ಯಾಕೆ ಕೈಕೊಡುತ್ತದೆ ಅಂತ ಕೇಳಬಹುದು. ಈ ಪದರಗಳು ಒಂದೇ ಕಾಲದವಲ್ಲ, ಒಂದೇ ತಂಡದವೂ ಅಲ್ಲ. ಆಲ್ಸಾ ಮುಖ್ಯ ಕರ್ನಲ್‌ನ ಭಾಗವಾಗಿ ಜನರ ಕೈಗೆ ಬಂದದ್ದು 2003ರ ಕೊನೆಯಲ್ಲಿ ಬಿಡುಗಡೆಯಾದ 2.6 ಆವೃತ್ತಿಯಲ್ಲಿ. ಪಲ್ಸ್‌ಆಡಿಯೋ 2004ರಲ್ಲಿ ಶುರುವಾಯಿತು, ಲಿನಕ್ಸ್‌ನ ಸಿದ್ಧ ರೂಪಗಳಾದ (ಡಿಸ್ಟ್ರೋಗಳಾದ) 2007ರ ಫೆಡೋರಾ 8ರಲ್ಲಿ ಮತ್ತು 2008ರ ಉಬುಂಟು 8.04ರಲ್ಲಿ ತಾನಾಗಿಯೇ ಬರುವಂತಾಯಿತು. ಆಮೇಲೆ ಪೈಪ್‌ವೈರ್ ಬಂತು. 2021ರಲ್ಲಿ ಫೆಡೋರಾ 34, 2022ರಲ್ಲಿ ಉಬುಂಟು 22.10, 2023ರಲ್ಲಿ ಡೆಬಿಯನ್ 12ರ ಗ್ನೋಮ್ ಡೆಸ್ಕ್‌ಟಾಪ್, ಹೀಗೆ ಒಂದೊಂದೇ ಆ ಕಡೆಗೆ ವಾಲಿದವು. ಹಳೆಯ ಪ್ರೋಗ್ರಾಂಗಳು ಒಡೆಯಬಾರದು ಅಂತ ಪೈಪ್‌ವೈರ್ ತಾನೇ ಪಲ್ಸ್‌ಆಡಿಯೋ ಭಾಷೆಯಲ್ಲಿ ಉತ್ತರ ಕೊಡುತ್ತದೆ. ತುಂಬಾ ಚೆನ್ನಾಗಿ ಮಾಡಿದ ಕೆಲಸ ಅದು, ಬಹಳ ಮಂದಿಗೆ ಬದಲಾವಣೆ ಆದದ್ದೇ ಗೊತ್ತಾಗಲಿಲ್ಲ. ಆದರೆ ವರ್ಷಗಟ್ಟಲೆ ಅಪ್‌ಡೇಟ್ ಮಾಡುತ್ತಲೇ ಬಂದ ಕಂಪ್ಯೂಟರ್‌ನಲ್ಲಿ ಹಳೆ ಕಾಲದ ಒಂದು ಪ್ಲಗಿನ್, ಹಳೆ ಕಾಲದ ಒಂದು ಸೆಟ್ಟಿಂಗ್ ಮೂಲೆಯಲ್ಲಿ ಉಳಿದಿರುತ್ತದೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪನ್ನೇ ತೆಗೆದುಕೊಳ್ಳಿ. ಅದರ ಹಳೆಯ ಮಿಕ್ಸರ್ ಜಿಸ್ಟ್ರೀಮರ್ 0.10 ಎಂಬ ಲೈಬ್ರರಿಯನ್ನು ನೆಚ್ಚಿಕೊಂಡಿತ್ತು. ಆ ಲೈಬ್ರರಿ ಹೋಯಿತು, ಜೊತೆಗೆ ಮಿಕ್ಸರೂ ಹೋಯಿತು, ಅದರ ಜಾಗಕ್ಕೆ ಪಲ್ಸ್‌ಆಡಿಯೋ ಪ್ಲಗಿನ್ ಬಂತು. ಹೊಸದನ್ನು ಪ್ಯಾನೆಲ್‌ಗೆ ನಾವೇ ಸೇರಿಸಬೇಕಾಗಿ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಪ್ಯಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಹೊಸ ಐಟಂ ಸೇರಿಸಿ, ಪಟ್ಟಿಯಲ್ಲಿ ಪಲ್ಸ್‌ಆಡಿಯೋ ಪ್ಲಗಿನ್ ಆರಿಸಿ. ಮುಗಿಯಿತು.

ಹಾಗಾಗಿ ಅಂಕಣದಲ್ಲಿ ಮೊದಲು ಕೇಳಬೇಕಿದ್ದದ್ದು ಡೆಸ್ಕ್‌ಟಾಪ್ ಯಾವುದು ಅಂತ. ಲಿನಕ್ಸ್ ಅಂದರೆ ಸಾಲದು. ಕೆಡಿಇಯಲ್ಲಿ ಸಿಸ್ಟಂ ಟ್ರೇಗೆ, ಅಂದರೆ ಪ್ಯಾನೆಲ್‌ನಲ್ಲಿ ಸಣ್ಣ ಐಕಾನ್‌ಗಳು ಕೂರುವ ಜಾಗಕ್ಕೆ, ಅದರದೇ ಸೆಟ್ಟಿಂಗ್ಸ್ ಇದೆ, ಅಲ್ಲಿ ಆಡಿಯೋ ವಾಲ್ಯೂಮ್ ಎದುರು ‘ಅಡಗಿಸು’ ಅಥವಾ ‘ನಿಷ್ಕ್ರಿಯ’ ಅಂತ ಇದ್ದರೆ ಐಕಾನ್ ಪ್ಯಾನೆಲ್‌ನಲ್ಲಿ ನೇರವಾಗಿ ಕಾಣುವುದಿಲ್ಲ. ಮಾಟೆಯಲ್ಲಿ ಲಾಗಿನ್ ಆದಾಗ ಶುರುವಾಗುವ ಬೇರೊಂದು ಪ್ರೋಗ್ರಾಂ ಆ ಐಕಾನ್ ಹಾಕುತ್ತದೆ, ಅದು ಶುರುವಾಗದಿದ್ದರೆ ಐಕಾನೂ ಇಲ್ಲ. ಗ್ನೋಮ್‌ನಲ್ಲಿ ಅದು ಡೆಸ್ಕ್‌ಟಾಪ್‌ನ ಮುಖ್ಯ ಪ್ರೋಗ್ರಾಂ ಆದ ಶೆಲ್ ಒಳಗೇ ಸೇರಿಹೋಗಿದೆ, ಆದ್ದರಿಂದ ಅಲ್ಲಿ ಕಾಣೆಯಾದರೆ ನಾವೇ ಹಾಕಿಕೊಂಡ ಯಾವುದೋ ಎಕ್ಸ್‌ಟೆನ್ಶನ್ ಮೇಲೆ ಮೊದಲು ಅನುಮಾನ ಪಡಬೇಕು, ಎಲ್ಲವನ್ನೂ ಆಫ್ ಮಾಡಿ ಒಮ್ಮೆ ಲಾಗ್‌ಔಟ್ ಆಗಿ ಬಂದು ನೋಡಬೇಕು.

ಟ್ರೇ ಐಕಾನ್‌ಗಳದ್ದೇ ಒಂದು ದೊಡ್ಡ ಕಥೆ. ಹಳೆಯ ಪ್ರೋಗ್ರಾಂಗಳು ಎಕ್ಸ್‌ಎಂಬೆಡ್ ಎಂಬ ವಿಧಾನದಲ್ಲಿ ಟ್ರೇಗೆ ಬಂದು ಕೂರುತ್ತವೆ. ಹೊಸವು, ಪ್ರೋಗ್ರಾಂಗಳು ಪರಸ್ಪರ ಸಂದೇಶ ಕಳಿಸುವ ಡಿಬಸ್ ಮೂಲಕ, ಸ್ಟೇಟಸ್ ನೋಟಿಫೈಯರ್ ಎಂಬ ವಿಧಾನ ಬಳಸುತ್ತವೆ. ಪ್ಯಾನೆಲ್‌ಗೆ ಒಂದು ಮಾತ್ರ ಗೊತ್ತಿದ್ದು ಪ್ರೋಗ್ರಾಂಗೆ ಇನ್ನೊಂದು ಮಾತ್ರ ಗೊತ್ತಿದ್ದರೆ ಪ್ರೋಗ್ರಾಂ ಹಿಂದೆ ಓಡುತ್ತಲೇ ಇರುತ್ತದೆ, ಐಕಾನ್ ಮಾತ್ರ ಎಲ್ಲೂ ಕಾಣುವುದಿಲ್ಲ. ಗ್ನೋಮ್ 2017ರಲ್ಲಿ 3.26 ಆವೃತ್ತಿಯಿಂದ ಹಳೆಯ ಟ್ರೇಯನ್ನೇ ತೆಗೆದುಹಾಕಿತು. ಎಕ್ಸ್‌ಎಂಬೆಡ್ ಅನ್ನುವುದು ಪರದೆಗೆ ಚಿತ್ರ ತರುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಕಾಲದ್ದು, ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಅದು ಇಲ್ಲ. ಅಪ್‌ಡೇಟ್ ಆದ ಮೇಲೆ ಲಾಗಿನ್ ಪರದೆಯಲ್ಲಿ ಸೆಷನ್ ಎಕ್ಸ್11ನಿಂದ ವೇಲ್ಯಾಂಡ್‌ಗೆ ಬದಲಾಗಿರಬಹುದು, ಯಾರೂ ಅದನ್ನು ಗಮನಿಸಿರುವುದಿಲ್ಲ. ಹಳೆಯ ಸೆಷನ್ ಇನ್ನೂ ಇದ್ದರೆ ಒಮ್ಮೆ ಅದನ್ನು ಆರಿಸಿ ಲಾಗಿನ್ ಆಗಿ ನೋಡಿ. ಅಲ್ಲಿ ಐಕಾನ್ ಬಂದರೆ ಕಾರಣ ಕೈಗೆ ಸಿಕ್ಕಿತು ಅಲ್ವಾ?

ಇನ್ನೊಂದು ಸಣ್ಣ ವಿಷಯ, ಐಕಾನ್ ಥೀಮ್. ಪ್ಯಾನೆಲ್ ‘ಆಡಿಯೋ ವಾಲ್ಯೂಮ್ ಹೈ’, ‘ಮೀಡಿಯಂ’, ‘ಲೋ’, ‘ಮ್ಯೂಟೆಡ್’ ಎಂಬ ಗೊತ್ತಾದ ಹೆಸರುಗಳಲ್ಲಿ ಚಿತ್ರ ಕೇಳುತ್ತದೆ. ಅಂದವಾಗಿದೆ ಅಂತ ತಂದು ಹಾಕಿಕೊಂಡ ಥೀಮ್‌ನಲ್ಲಿ ಆ ಹೆಸರಿನ ಚಿತ್ರ ಇಲ್ಲದಿದ್ದರೆ ಖಾಲಿ ಜಾಗ ಕಾಣುತ್ತದೆ. ಆ ಖಾಲಿ ಜಾಗದ ಮೇಲೆ ಮೌಸ್ ಇಟ್ಟು ಚಕ್ರ ತಿರುಗಿಸಿ ನೋಡಿ. ಸದ್ದು ಏರಿಳಿದರೆ ಐಕಾನ್ ಅಲ್ಲೇ ಇದೆ, ಚಿತ್ರ ಮಾತ್ರ ಇಲ್ಲ. ಥೀಮನ್ನು ಗ್ನೋಮ್‌ನ ‘ಅದ್ವೈತ’ (Adwaita) ಎಂಬ ಥೀಮ್‌ಗೆ ಬದಲಿಸಿದರೆ ಆ ಕ್ಷಣವೇ ಕಾಣಿಸಿಕೊಳ್ಳುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಏನೂ ಗೊತ್ತಾಗದಿದ್ದಾಗ ಮಾಡಬೇಕಾದ ಒಂದು ಪರೀಕ್ಷೆ ಇದೆ, ಇದನ್ನು ಪ್ರತಿಯೊಂದು ಕನ್ನಡ ಪತ್ರಿಕೆಯೂ ಒಮ್ಮೆಯಾದರೂ ಅಚ್ಚು ಹಾಕಬೇಕು. ಸೆಟ್ಟಿಂಗ್ಸ್‌ನಲ್ಲಿ ಹೊಸದೊಂದು ಯೂಸರ್ ಅಕೌಂಟ್ ಮಾಡಿ, ಅದರಿಂದ ಲಾಗಿನ್ ಆಗಿ. ಅಷ್ಟೇ. ಅಲ್ಲಿ ವಾಲ್ಯೂಮ್ ಐಕಾನ್ ಸರಿಯಾಗಿ ಕಂಡರೆ ಸಿಸ್ಟಂನಲ್ಲಿ ಏನೂ ಕೆಟ್ಟಿಲ್ಲ ಅಂತ ಹೆಚ್ಚುಕಮ್ಮಿ ಖಚಿತ. ಕೆಟ್ಟಿರುವುದು ನಿಮ್ಮ ಹೋಂ ಫೋಲ್ಡರ್ ಒಳಗೆ ಅಡಗಿರುವ ಡಾಟ್ ಕಾನ್ಫಿಗ್ (.config) ಫೋಲ್ಡರ್‌ನ ಯಾವುದೋ ಒಂದು ಫೈಲ್. ಈಗ ಅಂಕಣದ ಉತ್ತರ ಯಾಕೆ ತಪ್ಪು ಅಂತ ನೋಡಿ. ಬಹಳ ಜನ ಹೋಂ ಫೋಲ್ಡರನ್ನು ಬೇರೆ ಪಾರ್ಟಿಶನ್‌ನಲ್ಲಿ ಇಟ್ಟಿರುತ್ತಾರೆ, ಅಥವಾ ಬ್ಯಾಕಪ್‌ನಿಂದ ಅಡಗಿದ ಫೋಲ್ಡರ್‌ಗಳ ಸಮೇತ ವಾಪಸ್ ಹಾಕುತ್ತಾರೆ. ಸಿಸ್ಟಂ ಪೂರ್ತಿ ಅಳಿಸಿ, ಮತ್ತೆ ಹಾಕಿ, ಬೇಕಾದ ಪ್ರೋಗ್ರಾಂಗಳನ್ನೆಲ್ಲ ಒಂದೊಂದಾಗಿ ಸೇರಿಸಿ, ಕೊನೆಗೆ ಹಳೆಯ ಹೋಂ ಫೋಲ್ಡರ್ ಜೋಡಿಸಿದ ಕೂಡಲೇ ಆ ಕೆಟ್ಟ ಫೈಲೂ ಜೊತೆಗೆ ಬರುತ್ತದೆ, ಐಕಾನ್ ಮತ್ತೆ ಮಾಯ. ಹೋಂ ಫೋಲ್ಡರನ್ನೂ ಅಳಿಸಿದರೆ ಐಕಾನ್ ಬರಬಹುದು, ಆದರೆ ಫೋಟೋ, ಪಾಸ್‌ವರ್ಡ್, ಕೆಲಸದ ಕಡತ ಯಾವುದಾದರೂ ಬ್ಯಾಕಪ್‌ನಲ್ಲಿ ತಪ್ಪಿಹೋದರೆ ಅದನ್ನು ಯಾರು ತಂದುಕೊಡುತ್ತಾರೆ? ಒಂದು ಐಕಾನ್‌ಗಾಗಿ ಯಾರಿಗೂ ಇಂಥ ಸಲಹೆ ಕೊಡಬಾರದು.

ಹೊಸ ಅಕೌಂಟ್‌ನಲ್ಲಿ ಸರಿಯಿದ್ದರೆ ಮುಂದೇನು ಅಂದರೆ, ಹಳೆಯ ಅಕೌಂಟ್‌ನಲ್ಲಿ ಪ್ಯಾನೆಲ್‌ನ ಸೆಟ್ಟಿಂಗ್ಸ್ ಇರುವ ಫೋಲ್ಡರ್‌ನ ಹೆಸರು ಬದಲಿಸಿ. ಅಳಿಸಬೇಡಿ, ಹೆಸರು ಬದಲಿಸಿ, ಆಗ ಬೇಕೆಂದಾಗ ವಾಪಸ್ ತರಬಹುದು. ಪ್ಯಾನೆಲ್ ಓಡುತ್ತಿರುವಾಗ ಮಾಡಿದರೆ ಅದು ಹಳೆಯದನ್ನೇ ಮತ್ತೆ ಬರೆದುಬಿಡಬಹುದು, ಆದ್ದರಿಂದ ಲಾಗ್‌ಔಟ್ ಆಗಿ ಬೇರೆ ಅಕೌಂಟ್‌ನಿಂದ ಮಾಡುವುದು ಒಳ್ಳೆಯದು. ಇನ್ನೂ ಮೊದಲು, ಬರೀ ಪ್ಯಾನೆಲನ್ನು ಮತ್ತೆ ಶುರುಮಾಡಿ ನೋಡಿ. ಸಿನಮನ್‌ನಲ್ಲಿ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಸಾಕು. ಎಕ್ಸ್‌ಎಫ್‌ಸಿಇಯಲ್ಲಿ ಪ್ಯಾನೆಲ್ ಕಮಾಂಡ್‌ಗೆ ಹೈಫನ್ ಆರ್ ಸೇರಿಸಬೇಕು (xfce4-panel -r). ಕೆಡಿಇಯಲ್ಲಿ ಪ್ಲಾಸ್ಮಾ ಶೆಲ್‌ಗೆ ರಿಪ್ಲೇಸ್ ಅಂತ ಕೊಡಬೇಕು (plasmashell --replace). ತೆರೆದಿಟ್ಟ ಕೆಲಸ ಹಾಗೇ ಇರುತ್ತದೆ, ಪ್ಯಾನೆಲ್ ಮಾತ್ರ ಹೊಸದಾಗಿ ಬರುತ್ತದೆ.

ಇದು ಐಕಾನ್ ಕಾಣದವರ ವಿಷಯವಾಯಿತು. ಐಕಾನ್ ಕಾಣುತ್ತದೆ ಆದರೆ ಸುಳ್ಳು ಹೇಳುತ್ತದೆ ಅನ್ನುವವರು ಇನ್ನೂ ಜಾಸ್ತಿ. ಕೀ ಒತ್ತಿದರೆ ಪಟ್ಟಿ ಏರುತ್ತದೆ, ಸದ್ದು ಇದ್ದಷ್ಟೇ ಇರುತ್ತದೆ. ಇದರಲ್ಲಿ ಬಹಳಷ್ಟು ಸಲ ಸಿಗುವ ಕಾರಣ ತುಂಬಾ ಸರಳ. ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಯೋ ಮಾನಿಟರೋ ಸಿಕ್ಕಿಸಿದಾಗ, ಅಥವಾ ಬ್ಲೂಟೂತ್ ಹೆಡ್‌ಫೋನ್ ಜೋಡಿಸಿ ತೆಗೆದಾಗ ಡೀಫಾಲ್ಟ್ ಔಟ್‌ಪುಟ್ ಬದಲಾಗಿರುತ್ತದೆ. ಐಕಾನ್ ಡೀಫಾಲ್ಟ್ ಔಟ್‌ಪುಟ್‌ನ ಮಟ್ಟ ತೋರಿಸುತ್ತದೆ, ಹಾಡು ಇನ್ನೊಂದು ಔಟ್‌ಪುಟ್‌ನಲ್ಲಿ ಓಡುತ್ತಿರುತ್ತದೆ. ಪಾವುಕಂಟ್ರೋಲ್ (pavucontrol) ಎಂಬ ಪ್ರೋಗ್ರಾಂ ತೆರೆದು ನೋಡಿ. ಪ್ಲೇಬ್ಯಾಕ್ ಪುಟದಲ್ಲಿ ಯಾವ ಹಾಡು ಯಾವ ಔಟ್‌ಪುಟ್‌ಗೆ ಹೋಗುತ್ತಿದೆ ಅಂತ ಒಂದೊಂದು ಸಾಲಿನಲ್ಲಿ ಕಾಣುತ್ತದೆ, ಪಕ್ಕದಲ್ಲೇ ಬದಲಿಸುವ ಬಟನ್ ಇದೆ, ಕೆಳಗೆ ಸದ್ದಿಗೆ ತಕ್ಕ ಹಾಗೆ ಒಂದು ಪಟ್ಟಿ ಕುಣಿಯುತ್ತಿರುತ್ತದೆ. ಆ ಪಟ್ಟಿ ಕುಣಿಯುತ್ತಿದ್ದರೆ ಸೌಂಡ್ ಸರ್ವರ್‌ಗೆ ಹಾಡು ತಲುಪುತ್ತಿದೆ ಅಂತ ಅರ್ಥ, ತೊಂದರೆ ಅದರಾಚೆ, ಔಟ್‌ಪುಟ್ ಕಡೆ. ಕುಣಿಯದಿದ್ದರೆ ಅದರೀಚೆ, ಹಾಡು ನುಡಿಸುವ ಪ್ರೋಗ್ರಾಂ ಕಡೆ.

ಐಕಾನ್ ಮೇಲೆ ಅಡ್ಡಗೆರೆ ಅಥವಾ ಗುಣಿಸು ಚಿಹ್ನೆ ಬಂದು, ಒತ್ತಿದರೂ ಏನೂ ಆಗದೆ ಕೂತಿದ್ದರೆ ಸರ್ವರ್ ಓಡುತ್ತಿದೆಯೇ ಅಂತ ನೋಡಬೇಕು. ಟರ್ಮಿನಲ್‌ನಲ್ಲಿ ಪಿಎಸಿಟಿಎಲ್ ಎಂಬ ಕಮಾಂಡ್ ಆದ ಮೇಲೆ ಇನ್ಫೋ ಅಂತ ಕೊಡಿ (pactl info). ಬರುವ ಸಾಲುಗಳಲ್ಲಿ ಸರ್ವರ್ ನೇಮ್ ಅನ್ನುವ ಸಾಲು ಹುಡುಕಿ. ಅಲ್ಲಿ ‘ಪಲ್ಸ್‌ಆಡಿಯೋ’ ಅಂತಷ್ಟೇ ಇದ್ದರೆ ಹಳೆಯ ಸರ್ವರ್. ‘ಪಲ್ಸ್‌ಆಡಿಯೋ ಆನ್ ಪೈಪ್‌ವೈರ್’ ಅಂತ ಇದ್ದರೆ ಹೊಸದು. ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂದರೆ ಸರ್ವರ್ ಎದ್ದಿಲ್ಲ, ಪಾಪ ಐಕಾನ್‌ಗೆ ತೋರಿಸಲು ಏನೂ ಸಿಗುತ್ತಿಲ್ಲ. ಆಗ ಪೈಪ್‌ವೈರ್, ಪೈಪ್‌ವೈರ್ ಪಲ್ಸ್, ವೈರ್‌ಪ್ಲಂಬರ್ ಈ ಮೂರು ಸರ್ವಿಸ್‌ಗಳನ್ನು ಸಿಸ್ಟಂಸಿಟಿಎಲ್‌ನಲ್ಲಿ ಯೂಸರ್ ಆಯ್ಕೆ ಕೊಟ್ಟು ರೀಸ್ಟಾರ್ಟ್ ಮಾಡಬೇಕು (systemctl --user restart pipewire pipewire-pulse wireplumber). ಇಲ್ಲಿ ಸುಡೊ, ಅಂದರೆ ಸಿಸ್ಟಂನ ಮೇಲ್ವಿಚಾರಕನಾದ ರೂಟ್ ಹೆಸರಿನಲ್ಲಿ ಕಮಾಂಡ್ ಓಡಿಸುವ ಪದ, ಹಾಕಬಾರದು. ಇವು ಲಾಗಿನ್ ಆದ ಬಳಕೆದಾರರ ಹೆಸರಿನಲ್ಲಿ ಓಡುವ ಸರ್ವಿಸ್‌ಗಳು, ಸುಡೊ ಹಾಕಿದರೆ ರೂಟ್ ಬಳಕೆದಾರರ ಸರ್ವಿಸ್ ಹುಡುಕಲು ಹೋಗಿ ಇಲ್ಲದ ಎರರ್ ತೋರಿಸುತ್ತದೆ, ಓದಿದವರು ಗಾಬರಿಯಾಗುತ್ತಾರೆ. ವೈರ್‌ಪ್ಲಂಬರ್ ತನ್ನ ನೆನಪನ್ನು, ಅಂದರೆ ಯಾವುದು ಡೀಫಾಲ್ಟ್, ಯಾವುದಕ್ಕೆ ಎಷ್ಟು ವಾಲ್ಯೂಮ್ ಅನ್ನುವುದನ್ನು, ಹೋಂನಲ್ಲಿ ಡಾಟ್ ಲೋಕಲ್ ಒಳಗಿನ ಸ್ಟೇಟ್ ಫೋಲ್ಡರ್‌ನಲ್ಲಿ ಬರೆದಿಡುತ್ತದೆ. ಪ್ರತಿ ಸಲ ಲಾಗಿನ್ ಆದಾಗಲೂ ಮ್ಯೂಟ್ ಆಗಿಯೇ ಬರುವ ಕಾಯಿಲೆಗೆ ಆ ಫೋಲ್ಡರ್‌ನ ಹೆಸರು ಬದಲಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿ ನೋಡುವುದು ಒಳ್ಳೆಯ ಮದ್ದು.

ಇನ್ನು ಐಕಾನ್ ಪೂರ್ತಿ ತುಂಬಿದೆ, ಸದ್ದು ಸೊನ್ನೆ ಅನ್ನುವವರಿಗೆ ಆಲ್ಸಾಮಿಕ್ಸರ್ (alsamixer) ಬೇಕು. ಟರ್ಮಿನಲ್‌ನಲ್ಲೇ ತೆರೆಯುತ್ತದೆ. ಮೊದಲು ಕಾಣುವುದು ಸೌಂಡ್ ಸರ್ವರ್‌ನದೇ ಒಂದು ಕಂಬ, ಅದನ್ನು ನೋಡಿ ಪ್ರಯೋಜನವಿಲ್ಲ. ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿಕೊಳ್ಳಿ. ಆಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್ ಅಂತ ಸಾಲಾಗಿ ಕಂಬಗಳು ಬರುತ್ತವೆ. ಕಂಬದ ಬುಡದ ಚೌಕದಲ್ಲಿ ಎರಡು ‘ಓ’ ಇದ್ದರೆ ಅದು ತೆರೆದಿದೆ, ಎರಡು ‘ಎಂ’ ಇದ್ದರೆ ಮ್ಯೂಟ್. ಎಷ್ಟೋ ಕಡೆ ಮಾಸ್ಟರ್ ತೆರೆದಿರುತ್ತದೆ, ಪಕ್ಕದ ಸ್ಪೀಕರ್ ಬುಡದಲ್ಲಿ ಎರಡು ಎಂ ಕೂತಿರುತ್ತವೆ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ಎಂ ಒತ್ತಿದರೆ ಸದ್ದು ಬರುತ್ತದೆ. ಆಟೋ ಮ್ಯೂಟ್ ಅಂತ ಒಂದು ಕಂಬವಿದ್ದರೆ ಅದನ್ನೂ ನೋಡಿ. ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರ್ ಮುಚ್ಚುವುದು ಅದರ ಕೆಲಸ, ಜ್ಯಾಕ್ ಸವೆದಿದ್ದರೆ ಹೆಡ್‌ಫೋನ್ ಇನ್ನೂ ಇದೆ ಅಂತಲೇ ಅದು ತಿಳಿದುಕೊಂಡಿರುತ್ತದೆ.

ಕೆಟ್ಟಿಲ್ಲದ್ದನ್ನು ಕೆಟ್ಟಿದೆ ಅಂದುಕೊಳ್ಳುವುದೂ ಇದೆ, ಅದನ್ನೂ ಹೇಳಬೇಕು. ಐಕಾನ್ 50 ಅನ್ನುತ್ತದೆ, ಆಲ್ಸಾಮಿಕ್ಸರ್ ಬೇರೇನೋ ಅಂಕಿ ತೋರಿಸುತ್ತದೆ, ಸೂಚಕ ಹಾಳಾಗಿದೆ ಅಂತ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಪಿಎಸಿಟಿಎಲ್‌ಗೆ ಸಿಂಕ್‌ಗಳ, ಅಂದರೆ ಔಟ್‌ಪುಟ್‌ಗಳ, ಪಟ್ಟಿ ಕೇಳಿದರೆ (pactl list sinks) ಒಂದು ಸಾಲು ಬರುತ್ತದೆ: 32768, ಶೇ 50, ಮೈನಸ್ 18.06 ಡೆಸಿಬಲ್. ಮೂರೂ ಒಂದೇ ಮಟ್ಟವನ್ನು ಹೇಳುತ್ತಿವೆ. ಪಲ್ಸ್‌ಆಡಿಯೋ ಲೆಕ್ಕದಲ್ಲಿ 65536 ಅಂದರೆ ಶೇ 100, ಅದರ ಅರ್ಧ 32768. ಆದರೆ ಈ ಶೇಕಡಾ ಘನದ ಲೆಕ್ಕ. ಅರ್ಧವನ್ನು ಅರ್ಧದಿಂದ ಎರಡು ಸಲ ಗುಣಿಸಿದರೆ ಎಂಟನೇ ಒಂದು ಭಾಗ, ಅಂದರೆ ಸಿಗ್ನಲ್‌ನ ಎತ್ತರ ಎಂಟರಲ್ಲಿ ಒಂದು ಪಾಲಾಯಿತು, ಅದೇ ಮೈನಸ್ 18 ಡೆಸಿಬಲ್. ನಮ್ಮ ಕಿವಿ ಸದ್ದನ್ನು ಅಳೆಯುವ ರೀತಿಗೆ ಹತ್ತಿರವಾಗಲಿ, ಸ್ಲೈಡರ್ ಎಳೆದಾಗ ಏರಿಳಿತ ಹದವಾಗಿ ಕೇಳಲಿ ಅಂತ ಬೇಕೆಂದೇ ಹೀಗೆ ಮಾಡಿದ್ದಾರೆ. ಶೇ 100 ದಾಟಿದರೆ ಸಾಫ್ಟ್‌ವೇರ್ ಸಿಗ್ನಲನ್ನು ಹಿಗ್ಗಿಸುತ್ತದೆ, ಸದ್ದು ಒಡೆದಂತೆ ಕೇಳಬಹುದು. ಸ್ಪೀಕರ್ ಹೋಯಿತು ಅಂತ ಬದಲಿಸುವ ಮುಂಚೆ ಆ ಅಂಕಿ ಒಮ್ಮೆ ನೋಡಿ.

ಕೀಬೋರ್ಡ್‌ನ ವಾಲ್ಯೂಮ್ ಕೀಗಳದ್ದು ಬೇಗ ಹೇಳಿ ಮುಗಿಸುತ್ತೇನೆ. ಒಂದು ಸಲ ಒತ್ತಿದರೆ ಎರಡು ಮೆಟ್ಟಿಲು ಹಾರುತ್ತಿದ್ದರೆ ಎರಡು ಪ್ರೋಗ್ರಾಂಗಳು ಆ ಕೀ ಹಿಡಿದುಕೊಂಡಿವೆ, ಒಂದನ್ನು ಬಿಡಿಸಿ. ಎಕ್ಸ್‌ಎಫ್‌ಸಿಇ ಪ್ಲಗಿನ್‌ನ ಸೆಟ್ಟಿಂಗ್ಸ್‌ನಲ್ಲೇ ಅದಕ್ಕೆ ಟಿಕ್ ಇದೆ. ಸದ್ದು ಬದಲಾಗಿ ಪರದೆಯ ಮೇಲಿನ ಪಟ್ಟಿ ಮಾತ್ರ ಬಾರದಿದ್ದರೆ ಅಲ್ಲಿ ನೋಟಿಫಿಕೇಶನ್ ಸರ್ವಿಸ್ ಓಡುತ್ತಿದೆಯೇ ನೋಡಬೇಕು, ಆ ಪಟ್ಟಿ ಬರುವುದು ಅದರ ಮೂಲಕ.

ಒಂದು ಎಚ್ಚರಿಕೆ ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದರೂ ಸಂತೋಷ. ಹಳೆಯ ಸಲಹೆ ಓದಿ ಪಲ್ಸ್‌ಆಡಿಯೋ ತೆಗೆದುಹಾಕಲು ಹೋಗಬೇಡಿ. ಅದನ್ನು ತೆಗೆಯುತ್ತೇನೆ ಅಂದಾಗ ಡೆಸ್ಕ್‌ಟಾಪ್‌ನ ಮುಖ್ಯ ಪ್ಯಾಕೇಜ್‌ಗಳೂ ಜೊತೆಗೆ ಹೋಗಬಹುದು. ಯಾವ್ಯಾವ ಪ್ಯಾಕೇಜ್ ತೆಗೆಯುತ್ತೇನೆ ಅಂತ ಸಿಸ್ಟಂ ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಸುಮ್ನೆ ಎಂಟರ್ ಒತ್ತದೆ ಆ ಪಟ್ಟಿಯನ್ನು ಪೂರ್ತಿ ಓದಿ, ಡೆಸ್ಕ್‌ಟಾಪ್‌ನ ಹೆಸರು ಕಂಡರೆ ಬೇಡ ಅನ್ನಿ.

ಸಣ್ಣ ಐಕಾನ್‌ಗೆ ಇಷ್ಟೆಲ್ಲ ಬೇಕೇ ಅಂದರೆ, ಬೇಕು. ಕಿವಿ ಮಂದ ಇರುವವರಿಗೆ ಸದ್ದು ಎಷ್ಟಿದೆ ಅಂತ ತಿಳಿಯುವುದು ಆ ಚಿತ್ರದಿಂದಲೇ. ಆನ್‌ಲೈನ್ ತರಗತಿಯಲ್ಲಿ, ಮೀಟಿಂಗ್‌ನಲ್ಲಿ ಮ್ಯೂಟ್ ಆಗಿದೆಯೋ ಇಲ್ಲವೋ ಅಂತ ಎಲ್ಲರೂ ನೋಡುವುದು ಅಲ್ಲೇ. ಹೆಡ್‌ಫೋನ್ ಹಾಕಿಕೊಂಡವರಿಗೆ ಸೂಚಕ ಕಡಿಮೆ ತೋರಿಸಿ ಸದ್ದು ಜೋರಾಗಿ ಬಂದರೆ ಕಿವಿಗೇ ಪೆಟ್ಟು. ಹೊಸದಾಗಿ ಲಿನಕ್ಸ್‌ಗೆ ಬಂದವರು ಇಂಥ ಒಂದು ಕಿರಿಕಿರಿಗೆ ಬೇಸತ್ತು ಬಿಟ್ಟುಹೋಗುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ, ಯಾಕೆಂದರೆ ಇದು ಸರಿಮಾಡಬಹುದಾದದ್ದು. ಮೇಲೆ ಹೇಳಿದ್ದೆಲ್ಲ ಮಾಡಿಯೂ ಹೋಗದಿದ್ದರೆ ಅದು ಪ್ರೋಗ್ರಾಂನ ಬಗ್ ಇರಬಹುದು. ಆಗ ವರದಿ ಮಾಡಬೇಕು. ಕೆಡಿಇಗೆ ಬಗ್‌ಜಿಲ್ಲಾ ಇದೆ, ಗ್ನೋಮ್ ಮತ್ತು ಎಕ್ಸ್‌ಎಫ್‌ಸಿಇಗೆ ಗಿಟ್‌ಲ್ಯಾಬ್ ಇದೆ, ಡೆಬಿಯನ್‌ಗೆ ಈಮೇಲ್ ಕಳಿಸಿದರೂ ನಡೆಯುತ್ತದೆ. ಡಿಸ್ಟ್ರೋ ಯಾವುದು, ಡೆಸ್ಕ್‌ಟಾಪ್ ಯಾವ ಆವೃತ್ತಿ, ಎಕ್ಸ್11ನೋ ವೇಲ್ಯಾಂಡೋ, ಸರ್ವರ್ ನೇಮ್ ಸಾಲಿನಲ್ಲಿ ಏನಿದೆ, ಏನು ಮಾಡಿದಾಗ ಏನಾಯಿತು, ಜೊತೆಗೆ ಸಿಸ್ಟಂನ ದಾಖಲೆ ತೋರಿಸುವ ಜರ್ನಲ್‌ಸಿಟಿಎಲ್‌ನ (journalctl) ಆ ಹೊತ್ತಿನ ಸಾಲುಗಳು, ಇಷ್ಟನ್ನೂ ಬರೆಯಿರಿ. ಈ ಪ್ಯಾನೆಲ್‌ಗಳ ಕೋಡ್ ನೋಡಿಕೊಳ್ಳುವವರಲ್ಲಿ ಅನೇಕರು ಬಿಡುವಿನ ಹೊತ್ತಿನಲ್ಲಿ ಕೆಲಸ ಮಾಡುವವರು. ‘ವಾಲ್ಯೂಮ್ ಕೆಲಸ ಮಾಡ್ತಿಲ್ಲ’ ಅಂತ ಒಂದೇ ಸಾಲು ಬರೆದರೆ ಅವರು ಏನು ತಾನೇ ಹುಡುಕಿಯಾರು?

ಸಂಪಾದಕರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಅಂಕಣಕ್ಕೆ ಪ್ರಶ್ನೆ ಕಳಿಸುವವರು ಡೆಸ್ಕ್‌ಟಾಪ್‌ನ ಹೆಸರು ಮತ್ತು ಆವೃತ್ತಿ ಬರೆಯಲೇಬೇಕು ಅಂತ ಅಂಕಣದ ಕೆಳಗೆ ಒಂದು ಸಾಲು ಹಾಕಿ. ಉತ್ತರ ಕೊಡುವವರು ಅಳಿಸಿ ಮತ್ತೆ ಹಾಕಿ ಅನ್ನುವ ಮುಂಚೆ ಹೊಸ ಅಕೌಂಟ್‌ನ ಪರೀಕ್ಷೆ ಹೇಳಲಿ. ಹಿಂದಿನ ಉತ್ತರಕ್ಕೆ ಒಂದು ತಿದ್ದುಪಡಿಯೂ ಬರಲಿ, ಅದನ್ನು ನಂಬಿ ಯಾರಾದರೂ ಈಗಲೇ ಡಿಸ್ಕ್ ಅಳಿಸಲು ಕೂತಿರಬಹುದು. ಪ್ರಶ್ನೆ ಕೇಳಿದ ಆ ಓದುಗರು ಇನ್ನೂ ಇನ್‌ಸ್ಟಾಲ್ ಮಾಡಿರದಿದ್ದರೆ ದಯವಿಟ್ಟು ತಡೆಯಿರಿ, ಹೊಸ ಅಕೌಂಟ್‌ನಿಂದ ಲಾಗಿನ್ ಆಗಿ ಐಕಾನ್ ಕಾಣುತ್ತದೆಯೇ ನೋಡಿ, ಏನಾಯಿತು ಅಂತ ಇದೇ ಪುಟಕ್ಕೆ ಬರೆಯಿರಿ. ಮುಂದಿನ ಹೆಜ್ಜೆ ನಾನೇ ಬರೆದು ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ